ಕೇಳಿದ ಮೇಲೆ ಹತ್ತು ಎಣಿಸಬೇಕು

ಆ ಬೀದಿಯಲ್ಲಿ ಯಾರ ಸೊಂಟ ಎಷ್ಟು ಇಂಚು ಹಿಗ್ಗಿದೆ ಎಂಬುದು ಟೇಪು ಹಿಡಿಯದೆಯೇ ಗೊತ್ತಾಗುತ್ತಿದ್ದದ್ದು ಟೈಲರಕ್ಕನಿಗೆ ಮಾತ್ರ. ಬಾಗಿಲಲ್ಲಿ ನಿಂತವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳೆಂದರೆ ಅಳತೆ ಮುಗಿದಂತೆಯೇ. ಅವರು ಬಾಯಿ ಬಿಡುವ ಮೊದಲೇ, "ಕತ್ತು ಸ್ವಲ್ಪ ಇಳಿಸ್ತೀನಿ, ತೋಳು ಸಡಿಲ ಬಿಡ್ತೀನಿ, ಗುರುವಾರ ಬನ್ನಿ" ಎಂದು ಸಾಗಹಾಕುತ್ತಿದ್ದಳು. ಬಟ್ಟೆ ಮೈಮೇಲೆ ಅಚ್ಚುಕಟ್ಟಾಗಿ ಕೂರುತ್ತಿತ್ತು, ಹಾಗಾಗಿ ಯಾರೂ ತಕರಾರು ಎತ್ತುತ್ತಿರಲಿಲ್ಲ.

ಅವಳ ಗಂಡ ಬಸ್ ಕಂಡಕ್ಟರು, ಮಾತಿನ ಮಲ್ಲ. ದಿನವಿಡೀ ಕೂಗಿ ಬಂದವನಿಗೆ ಮನೆಯಲ್ಲಾದರೂ ಗಂಟಲಿಗೆ ಬಿಡುವು ಬೇಡವೇ? ಊಹೂಂ. ಚಿಲ್ಲರೆಗಾಗಿ ಜಗಳ ತೆಗೆದ ಮುದುಕಿ, ನಿದ್ದೆ ಹೊಡೆದು ಸ್ಟಾಪು ತಪ್ಪಿಸಿಕೊಂಡ ಮೇಷ್ಟ್ರು, ಎಲ್ಲರನ್ನೂ ಮನೆಗೆ ಕರೆತಂದು ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದ. ಅವಳು ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಮಿಷನ್ನು ತುಳಿಯುತ್ತ, "ಹ್ಞೂಂ" ಅನ್ನುತ್ತಿದ್ದಳು. ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಮಿಷನ್ನಿನ ಸದ್ದಿನಲ್ಲಿ ಮುಳುಗುತ್ತಿತ್ತು. "ಸ್ವಲ್ಪ ಸುಮ್ನಿರ್ತೀರಾ? ತಲೆ ಚಿಟ್ಟು ಹಿಡೀತಿದೆ" ಎಂದದ್ದೂ ಉಂಟು. ಒಂದು ಸಲವಲ್ಲ, ನೂರು ಸಲ.

ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಹಾಗೇ ಪಕ್ಕಕ್ಕೆ ವಾಲಿದ. ಲಕ್ವ ಬಲಗೈ, ಬಲಗಾಲನ್ನು ಹಿಡಿದದ್ದಲ್ಲದೆ ನಾಲಿಗೆಯನ್ನೂ ಬಿಡಲಿಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಯಾವುದೋ ಒಂದು ಅಕ್ಷರ ಹಿಡಿದುಕೊಂಡು ತಡವರಿಸುತ್ತಿದ್ದ. ಎರಡನೆಯದು ಬರುವುದರೊಳಗೆ ಅವಳು ನೀರಿನ ಲೋಟವನ್ನೋ ಇನ್ನೊಂದು ದಿಂಬನ್ನೋ ತಂದು ನಿಂತಿರುತ್ತಿದ್ದಳು. ಅವನ ಒದ್ದಾಟ ಅವಳಿಂದ ನೋಡಲಾಗುತ್ತಿರಲಿಲ್ಲ. ಬರುಬರುತ್ತ ಅವನು ತಡವರಿಸುವುದನ್ನೂ ಬಿಟ್ಟ. "ನಮ್ಮನೆಯವ್ರು ಬಾಯಿ ಬಿಟ್ಟು ಕೇಳೋ ಹಾಗೇ ಇಲ್ಲ, ಹಾಗೆ ನೋಡ್ಕೋತೀನಿ" ಎಂದು ಅಕ್ಕಪಕ್ಕದವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ತಾನು ಹೇಳುತ್ತಿರುವುದು ಎಷ್ಟು ನಿಜವೆಂದು ಆ ಪುಣ್ಯಾತ್ಗಿತ್ತಿಗೇ ತಿಳಿದಿರಲಿಲ್ಲ.

ಆದರೆ ಅವನ ದನಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು. ರಸ್ತೆಯಲ್ಲಿ ಯಾವನೋ ಕಂಡಕ್ಟರು "ರೈಟ್, ರೈಟ್" ಎಂದು ಕೂಗಿದರೆ ಮಿಷನ್ನಿನ ಮೇಲಿನ ಕಾಲು ತಾನಾಗಿ ನಿಲ್ಲುತ್ತಿತ್ತು. ಅವನು ಹೇಳಿದ ಕತೆಯಲ್ಲಿ ಆ ಮುದುಕಿಗೆ ಕೊನೆಗೆ ಚಿಲ್ಲರೆ ಸಿಕ್ಕಿತೋ ಇಲ್ಲವೋ, ಅದು ಅವಳಿಗೆ ನೆನಪೇ ಇರಲಿಲ್ಲ. ಬೈಯಲಿ, ಬೇಕಾದರೆ ಸುಳ್ಳೇ ಹೇಳಲಿ, ಒಂದು ಮಾತು ಆಡಿಬಿಡಲಿ ಅನ್ನಿಸುತ್ತಿತ್ತು.

ಈ ವರ್ಷ ಸರ್ಕಾರ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆಂದೇ ಹಣ ತೆಗೆದಿಟ್ಟಿತು. ಹನ್ನೆರಡು ದಿನ ತರಬೇತಿ. ಅಷ್ಟೂ ದಿನ ಮನೆಗೆ ಒಬ್ಬ ಸಹಾಯಕಿ ಬರುತ್ತಾಳೆ, ಅವಳೂ ಇದೇ ಯೋಜನೆಯಲ್ಲಿ ಕೆಲಸ ಕಲಿತವಳು. ಪರೀಕ್ಷೆ ಪಾಸಾದರೆ ವರ್ಷವಿಡೀ ವಾರಕ್ಕೆರಡು ಮಧ್ಯಾಹ್ನ ಅವಳದೇ ನೆರವು, ಸಂಬಳ ಸರ್ಕಾರದ್ದು. ಆದರೆ ಹಣವಿದ್ದದ್ದು ನಲವತ್ತು ಮನೆಗಳಿಗೆ ಮಾತ್ರ. ಎರಡು ಸಲ ಫೇಲಾದರೆ ಜಾಗ ಸಾಲಿನಲ್ಲಿ ಹಿಂದೆ ನಿಂತವರ ಪಾಲು. ಟೈಲರಕ್ಕನಿಗೆ ಆ ಎರಡು ಮಧ್ಯಾಹ್ನ ಬೇಕೇ ಬೇಕಿತ್ತು. ಎತ್ತಿ ಹೊರಳಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಇನ್ನೊಂದು ವರ್ಷ ಹೀಗೇ ನಡೆದರೆ ನೋಡಿಕೊಳ್ಳುವವಳೂ ಹಾಸಿಗೆ ಹಿಡಿಯುವುದು ಖಂಡಿತ.

ಪಾಠ ಹೇಳುತ್ತಿದ್ದವರು ನಿವೃತ್ತ ನರ್ಸು, ಎಲ್ಲರಿಗೂ ಸಿಸ್ಟರ್. ಪರೀಕ್ಷೆಯ ದಿನ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಬಡಗಿಯೊಬ್ಬ, ಅವನೂ ತರಬೇತಿಗೆ ಬಂದವನೇ, ರೋಗಿಯ ಪಾತ್ರದಲ್ಲಿ ಮಲಗಿದ. ಟೈಲರಕ್ಕ ಅವನನ್ನು ಎಡಕ್ಕೆ ಹೊರಳಿಸಿ, ಬೆನ್ನು ಒರೆಸಿ, ಹಾಸು ಬದಲಿಸಿ, ಒಂದು ಸುಕ್ಕೂ ಉಳಿಯದಂತೆ ಎಳೆದು, ಬಾಯಿಗೆ ನೀರು ಹಿಡಿದಳು. ಮೂರೇ ನಿಮಿಷ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸಿಸ್ಟರ್ ಸೊನ್ನೆ ಹಾಕಿದರು.

"ಯಾಕೆ ಸಿಸ್ಟರ್? ಏನು ತಪ್ಪಾಯ್ತು?"

"ಅವರನ್ನೇ ಕೇಳಿ."

ಬಡಗಿ ಗಲ್ಲ ಒರೆಸಿಕೊಳ್ಳುತ್ತ ಎದ್ದು ಕೂತ. "ಬೇಜಾರು ಮಾಡ್ಕೋಬೇಡಿ ಅಕ್ಕ. ನನಗೆ ಬಾಯಾರಿಕೆ ಇರ್ಲಿಲ್ಲ. ಎಡಗಡೆ ಭುಜ ಬೇರೆ ನೋಯ್ತಿತ್ತು. ಹೇಳೋಣ ಅಂದ್ರೆ ನೀವು ಬಿಟ್ರೆ ತಾನೇ? ನನ್ನನ್ನೇ ಹಲಗೆ ಮಾಡಿಬಿಟ್ರಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ಸಿಸ್ಟರ್ ನಗಲಿಲ್ಲ. "ಮುಟ್ಟೋಕೆ ಮೊದ್ಲು ಕೇಳ್ಬೇಕು. ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸ್ಬೇಕು. ಎಷ್ಟು ಸಲ ಹೇಳಿದೀನಮ್ಮ?"

"ನಮ್ಮನೆಯವ್ರಿಗೆ ಮಾತೇ ಇಲ್ವಲ್ಲ ಸಿಸ್ಟರ್. ಕೇಳಿ ಏನು ಮಾಡ್ಲಿ?"

"ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ಕೊನೇ ಸಲ ಕೇಳಿದ್ದು ಯಾವಾಗ?"

ಬಸ್ಸಿನಲ್ಲಿ ಕೂತು ಅವಳು ಆರು ವರ್ಷವನ್ನೂ ಜಾಲಾಡಿದಳು. ಒಂದು ಪ್ರಶ್ನೆಯೂ ಕೈಗೆ ಸಿಗಲಿಲ್ಲ.

ಮನೆಗೆ ಬಂದರೆ ಸಹಾಯಕಿ ಬಾಗಿಲಲ್ಲೇ ಹಿಡಿದಳು. "ಅಕ್ಕ, ಇವತ್ತು ಅಣ್ಣ ನನ್ನ ಹತ್ರ ಏನೋ ಹೇಳೋಕೆ ಹೊರಟ್ರು. ತುಟಿ ಆಡಿಸಿದ್ರು. ನನಗೆ ಅರ್ಥ ಆಗ್ಲಿಲ್ಲ."

ಟೈಲರಕ್ಕನಿಗೆ ಮೊದಲು ಅನ್ನಿಸಿದ್ದು ಒಂದೇ: ತಾನು ಆರು ವರ್ಷ ಹಂಬಲಿಸಿದ್ದು ಹನ್ನೆರಡು ದಿನದವಳಿಗೆ ಸಿಕ್ಕಿತೇ? ಆಮೇಲೆ ಆ ಹೊಟ್ಟೆಕಿಚ್ಚಿಗೆ ತಾನೇ ನಾಚಿದಳು.

ಎರಡನೆಯ ಪರೀಕ್ಷೆ ನಾಲ್ಕು ದಿನ ಬಿಟ್ಟು, ಮನೆಯಲ್ಲೇ. ಆ ನಾಲ್ಕು ದಿನವೂ ಅಭ್ಯಾಸ ಮಾಡಿದಳು. ಕೇಳುತ್ತಿದ್ದಳು, ಎಣಿಸುತ್ತಿದ್ದಳು, ನಾಲ್ಕು ದಾಟುವುದರೊಳಗೆ ಕೈ ದಿಂಬಿನಡಿ ಹೋಗಿರುತ್ತಿತ್ತು. ಅವನು ಸೂರು ನೋಡುತ್ತಿದ್ದ.

ಸಿಸ್ಟರ್ ಬಂದು ಮಿಷನ್ನಿನ ಮುಂದಿನ ಸ್ಟೂಲಿನಲ್ಲಿ ಕೂತರು. ಟೈಲರಕ್ಕ ಮಂಚದ ಪಕ್ಕ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಏನ್ರೀ, ಎಡಗಡೆ ಹೊರಳಿಸ್ಲಾ?"

ಒಂದು. ಎರಡು. ಮೂರು. ಅವನ ಕಣ್ಣು ಸೂರಿನಲ್ಲಿಯೇ ಇತ್ತು. ಐದಕ್ಕೆ ಅವಳ ಕೈ ಮಿಸುಕಿತು, ಅವಳು ಇನ್ನೂ ಬಿಗಿಯಾಗಿ ಅದುಮಿ ಹಿಡಿದಳು. ಏಳಕ್ಕೆ ಅವನು ಅವಳ ಕಡೆ ನೋಡಿದ. ನಿಜವಾಗಿ ಕೇಳುತ್ತಿದ್ದಾಳೋ, ಸುಮ್ಮನೆ ಅನ್ನುತ್ತಿದ್ದಾಳೋ ಎಂದು ಪರೀಕ್ಷಿಸುವಂತಿತ್ತು ಆ ನೋಟ. ಒಂಬತ್ತಕ್ಕೆ ತುಟಿ ನಡುಗಿತು, ಕತ್ತಿನ ನರ ಉಬ್ಬಿತು. ಅವಳಿಂದ ನೋಡಲಾಗದ ಅದೇ ಒದ್ದಾಟ. ಹತ್ತೂ ಆಯಿತು. ಹನ್ನೊಂದು. ಹನ್ನೆರಡು.

"ಬೇ..."

ಅವಳು ಕೈಗಳನ್ನು ಕಂಕುಳಿನಿಂದ ತೆಗೆಯಲಿಲ್ಲ.

"ಬೇ... ಡ."

ಅದು ಹಳೆಯ ದನಿಯಲ್ಲ. ಒರಟಾಗಿತ್ತು, ಅರ್ಧಂಬರ್ಧವಾಗಿತ್ತು. ಆದರೂ ಅವನದೇ.

"ಪಾಸಾದ್ರಿ" ಎಂದರು ಸಿಸ್ಟರ್. ಅವಳು ಆ ಕಡೆ ತಿರುಗಲೂ ಇಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗಂಡನ ಮೇಲೆ ರೇಗಿದಳು. "ಎಡಗಡೆ ಬೇಡ್ವಾ? ಆರು ವರ್ಷದಿಂದ ಅದೇ ಕಡೆ ಹೊರಳಿಸ್ತಿದೀನಲ್ರೀ, ಒಂದು ಸಲ ಹೇಳ್ಬಾರ್ದಿತ್ತಾ?" ಕೇಳಿದ ಮರುಕ್ಷಣವೇ ಉತ್ತರ ಅವಳಿಗೇ ಹೊಳೆಯಿತು. ಅವನ ಬಾಯಿಯ ಎಡಬದಿ ಸ್ವಲ್ಪ ಮೇಲೆದ್ದಿತು. ನಗುತ್ತಿದ್ದ, ಕಳ್ಳ.

"ಆಯ್ತು" ಎಂದಳು ಮೂಗು ಒರೆಸಿಕೊಂಡು. "ಹಾಗಾದ್ರೆ ಏನು ಬೇಕು, ನೀವೇ ಹೇಳಿ."

ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಮತ್ತೆ ಒಂದರಿಂದ ಎಣಿಸತೊಡಗಿದಳು.