ಕಮಲಾಪುರದ ಲೈನ್ ಕಡಿಸಿದ್ದು

"ಕಮಲಾಪುರದ ಲೈನ್ ಬಂದ್ ಮಾಡ್ರಿ" ಅಂದರು ಡಾಕ್ಟರು, ನನ್ನ ಕುರ್ಚಿಯ ಹಿಂದೆ ನಿಂತು. ತಮಾಷೆಗೆ ಅಂದಿರಬೇಕು ಎಂದು ತಿರುಗಿ ನೋಡಿದೆ. ಮುಖ ಕೆಂಪಗಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಅವರದೊಂದು ರಕ್ತಪರೀಕ್ಷೆಯ ಲ್ಯಾಬು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಕಮಲಾಪುರದಲ್ಲಿ ಸಣ್ಣ ಶಾಖೆ ಇತ್ತು. ಅಲ್ಲಿ ತೆಗೆದ ರಕ್ತ ಬೆಳಗಿನ ಬಸ್ಸಿಗೆ ನಮ್ಮಲ್ಲಿಗೆ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು ಕಂಪ್ಯೂಟರಿನಲ್ಲೇ ವಾಪಸ್ ಹೋಗುತ್ತಿತ್ತು. ರೋಗಿಗಳ ವಿಷಯ ಕಂಡವರ ಕಣ್ಣಿಗೆ ಬೀಳಬಾರದೆಂದು ಇಂಟರ್ನೆಟ್ಟಿನೊಳಗೆ ನಮಗಷ್ಟೇ ಅಂತ ಒಂದು ಮುಚ್ಚಿದ ದಾರಿ ಮಾಡಿಸಿದ್ದರು. ಅದಕ್ಕೆ ವಿಪಿಎನ್ ಅನ್ನುತ್ತಿದ್ದರು. ನಮ್ಮ ಬಾಯಲ್ಲಿ ಅದು ಬರೀ ಲೈನು. ಒತ್ತಲಿಕ್ಕೆ ಬಟನ್ನು ಗಿಟನ್ನು ಏನೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಬೇಕು. ಒಂದು ಸಾಲು ಹೊಡೆದರೆ ಲೈನು ಹತ್ತುತ್ತಿತ್ತು, ಇನ್ನೊಂದು ಹೊಡೆದರೆ ಕಡಿದುಹೋಗುತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ನಾನು ಅದನ್ನು ಎಬ್ಬಿಸುತ್ತಿದ್ದೆ. ರಿಪೇರಿಗೆ ಬಿಟ್ಟರೆ, ಕಡಿಯುವ ಕಮಾಂಡ್ ಹೊಡೆಯುವ ಪ್ರಸಂಗವೇ ಬಂದಿರಲಿಲ್ಲ.

"ಯಾಕ್ರೀ ಸರ್?"

"ಅಲ್ಲಿನ ಡಾಕ್ಟರ್ ನಾಕ್ ಮಂದಿ ಮುಂದ ನಮ್ಮ ರಿಪೋರ್ಟ್ ತಪ್ಪಿರ್ತಾವ ಅಂದಾನಂತ. ಎರಡ್ ದಿನ ರಿಪೋರ್ಟ್ ಇಲ್ದ ಕೂಡ್ಲಿ. ಬುದ್ಧಿ ಬರ್ತದ."

ಶಾಖೆಯ ಪಕ್ಕದಲ್ಲೇ ದವಾಖಾನೆ ಇಟ್ಟುಕೊಂಡು ನಮಗೆ ಪೇಶಂಟುಗಳನ್ನು ಕಳಿಸುತ್ತಿದ್ದ ಆ ಡಾಕ್ಟರು ಹೇಳಿದ್ದು ಸುಳ್ಳೇನಲ್ಲ. ಒಬ್ಬರ ಬ್ಲಡ್ ಗ್ರೂಪು ನಮ್ಮಲ್ಲೇ ತಪ್ಪಾಗಿತ್ತು. ಅವರು ಮೊದಲು ನಮಗೇ ಫೋನ್ ಮಾಡಿ ಮರ್ಯಾದೆಯಿಂದ ತಿಳಿಸಿದ್ದರು. ನಮ್ಮವರು ಕಿವಿಗೆ ಹಾಕಿಕೊಂಡಿರಲಿಲ್ಲ.

"ಸರ್, ರಿಪೋರ್ಟ್ ಇಲ್ದ ಕೂಡೋರು ಡಾಕ್ಟರಲ್ರಿ, ಪೇಶಂಟ್ ಮಂದಿ. ನಾ ಬಂದ್ ಮಾಡಂಗಿಲ್ರಿ."

"ನಿಮಗ ಸಲಹಾ ಕೇಳಿಲ್ಲ ನಾ. ಟೈಪ್ ಮಾಡ್ಲಿಕ್ಕೆ ಹೇಳೀನಿ."

ನಾನು ಕೀಬೋರ್ಡಿನ ಮೇಲಿಂದ ಕೈ ತೆಗೆದೆ. ಅವರು ಅಲ್ಲೇ ನಿಂತು, ಲೈನು ಹಾಕಿಕೊಟ್ಟಿದ್ದ ಹೈದರಾಬಾದಿನ ಇಂಜಿನಿಯರಿಗೆ ಫೋನ್ ಹಚ್ಚಿದರು. ಆತ ಯಾಕೆ, ಏನು ಅಂತ ಕೇಳಲಿಲ್ಲ. ಕೂತಲ್ಲಿಂದಲೇ ಲೈನು ಕಡಿದು, ನಾನು ಮತ್ತೆ ಎಬ್ಬಿಸದಂತೆ ಅದರ ಪಾಸ್‌ವರ್ಡನ್ನೂ ಬದಲಿಸಿಬಿಟ್ಟ. ಆಮೇಲೆ ಡಾಕ್ಟರು ಎಲ್ಲರಿಗೂ ಕೇಳುವ ಹಾಗೆ ಅಂದರು: "ಯಾರ್ ಕೇಳಿದ್ರೂ ಲೈನ್ ಕೆಟ್ಟದ ಅನ್ರಿ."

ಕಡಿದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಮಾಡುವುದು ತಾವು, ಹೆಸರು ಮಾತ್ರ ಯಂತ್ರದ್ದು.

ಸ್ವಲ್ಪ ಹೊತ್ತಿಗೇ ಕಮಲಾಪುರದ ಟೆಕ್ನಿಶಿಯನ್ ಹುಡುಗಿಯ ಫೋನ್ ಬಂತು. "ಅಕ್ಕಾ, ಲೈನ್ ಬರವಲ್ದು. ಕಮಾಂಡ್ ಹೊಡದ್ ಹೊಡದ್ ಸಾಕಾತು. ಇಲ್ಲೊಬ್ಬಾಕಿ ಬಸರಿ ಹೆಣ್ಣಮಗಳು ಬೆಳಗ್ಗಿಂದ ಕುಂತಾಳ. ಬಾಳ ಸುಸ್ತಾಗ್ಯಾಳ."

"ಲೈನ್ ಕೆಟ್ಟಿಲ್ಲವ್ವ. ಕಡಿಸ್ಯಾರ" ಎಂದೆ. ಡಾಕ್ಟರು ಬಂದು ನನ್ನ ಕೈಯಿಂದ ರಿಸೀವರ್ ಕಸಿದು ಇಟ್ಟರು.

ಕಮಲಾಪುರದ ರಿಪೋರ್ಟುಗಳನ್ನೆಲ್ಲ ಪ್ರಿಂಟ್ ತೆಗೆದು ಚೀಲಕ್ಕೆ ಹಾಕಿಕೊಂಡು ಎದ್ದೆ. "ಎಲ್ಲಿಗಿ?" ಅಂದರು.

"ಕಮಲಾಪುರಕ್ಕ. ಇವು ಪೇಶಂಟ್‌ಗಳವು, ನಿಮ್ಮವಲ್ರಿ."

ಸಿಕ್ಕ ಬಸ್ಸು ಹತ್ತಿ ಹೊರಟೆ. ಕಮಲಾಪುರದ ಶಾಖೆಯ ಬೆಂಚಿನ ಮೇಲೆ ಆ ಹೆಣ್ಣುಮಗಳು ಅತ್ತೆಯ ಹೆಗಲಿಗೆ ತಲೆ ಆನಿಸಿ ಕೂತಿದ್ದಳು. ತುಟಿ ಬಿಳುಚಿಕೊಂಡಿತ್ತು. ರಕ್ತ ತೀರಾ ಕಡಿಮೆ ಎಂದಿತ್ತು ಅವಳ ರಿಪೋರ್ಟು. ಅಲ್ಲಿನ ಡಾಕ್ಟರು ಅದನ್ನು ನೋಡಿದ್ದೇ ಜೀಪು ಮಾಡಿಸಿ, ರಕ್ತ ಕೊಡಿಸಲು ಕಲಬುರಗಿಯ ಆಸ್ಪತ್ರೆಗೆ ಕಳಿಸಿದರು.

ಜೀಪು ಹತ್ತುವ ಮೊದಲು ಅತ್ತೆ ನನ್ನನ್ನು ಕೇಳಿದಳು: "ಕಂಪ್ಯೂಟರ್ ಕೆಟ್ಟಿತ್ತಂತಲ್ಲ ತಂಗಿ, ಈಗ ನೆಟ್ಟಗಾತೇನು?"

"ಕೆಟ್ಟಿರಲಿಲ್ಲ ಆಯಿ. ನಮ್ಮ ಡಾಕ್ಟರ್ ಸಿಟ್ಟಿಗೆದ್ದು ಬಂದ್ ಮಾಡಿಸಿದ್ರು."

"ಯಾರ ಮ್ಯಾಲ ಸಿಟ್ಟು? ನಾವೇನ್ ಮಾಡಿದ್ವಿ?"

ನಾನು ಆಕೆಯ ಕೈಹಿಡಿದು ಜೀಪಿಗೆ ಹತ್ತಿಸಿದೆ.

ಮರುದಿನ ಹೈದರಾಬಾದಿನಿಂದಲೇ ಲೈನು ಮತ್ತೆ ಹತ್ತಿತು. ಕಮಲಾಪುರದ ಡಾಕ್ಟರು ಇನ್ನು ಬೇರೆ ಲ್ಯಾಬಿಗೆ ಕಳಿಸುತ್ತೇನೆ ಅಂದಿದ್ದರಂತೆ. ನಮ್ಮವರು ಫೋನಿನಲ್ಲಿ ನಗುನಗುತ್ತ, "ಟೆಕ್ನಿಕಲ್ ಪ್ರಾಬ್ಲಮ್ ಇತ್ರೀ. ಹೈದರಾಬಾದಿನ ಇಂಜಿನಿಯರ್‌ನ ಹಿಡದು ರಿಪೇರಿ ಮಾಡಿಸೀನಿ" ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತು, ಫೋನಿಗೂ ಕೇಳುವಷ್ಟು ಜೋರಾಗಿ, "ಏನೂ ಕೆಟ್ಟಿರಲಿಲ್ರಿ" ಎಂದೆ.

ಹೊಸ ಪಾಸ್‌ವರ್ಡ್ ನನಗೆ ಕೊಡಲಿಲ್ಲ. ಬಾಗಿಲ ಹತ್ತಿರ ಹೆಸರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ಕೆಲವೇ ದಿನಕ್ಕೆ ನಾನೇ ಕೆಲಸ ಬಿಟ್ಟು ಬಂದೆ. ಆ ಹೆಣ್ಣುಮಗಳು ಸುಸೂತ್ರವಾಗಿ ಹಡೆದಳೆಂದು ಟೆಕ್ನಿಶಿಯನ್ ಹುಡುಗಿ ಮುಂದೆ ಮನೆಗೆ ಫೋನ್ ಮಾಡಿ ಹೇಳಿದಳು. ನಮ್ಮ ಡಾಕ್ಟರು ಮಾತ್ರ, ನಾನಿದ್ದಷ್ಟು ದಿನ, ಆಕೆ ಏನಾದಳು ಅಂತ ಒಂದು ಮಾತು ಕೇಳಲಿಲ್ಲ.