ನಿಮ್ಮಣ್ಣಗ ವಕೀಲರು ಬ್ಯಾಡ

ನಾಗಪುರದ ಸದರ್ ಬಡಾವಣೆಯಲ್ಲಿ, ಚರ್ಚಿನ ಹಿಂದಿನ ಕೋಣೆಯೊಂದರಲ್ಲಿ, ಕುಡಿತ ಬಿಡುವವರ ಸಭೆ ನಡೆಸುತ್ತಿದ್ದ ನಿವೃತ್ತ ನರ್ಸ್ ಒಬ್ಬರಿದ್ದರು. ಧಾರವಾಡದ ಕಡೆಯವರು, ತಾವೂ ಕುಡಿತ ಬಿಟ್ಟವರೇ. ಯಾರೇ ಬಂದರೂ ಸೆರಗಿನಿಂದ ಕುರ್ಚಿ ಒರೆಸಿ, “ಬರ್ರಿ, ಕೂಡ್ರಿ. ಓಡೂದಿದ್ರ ಬಾಗಲಾ ತೆರದಽ ಐತಿ” ಎನ್ನುತ್ತಿದ್ದರು.

ತೆರಿಗೆಯ ಆಸೆಗೆ ಮದ್ಯದಂಗಡಿ ತೆರೆಯುವ ಸರ್ಕಾರವೂ ಕುಡಿದವನನ್ನಷ್ಟೇ ಹಳಿಯುವ ಸಮಾಜವೂ ಸೇರಿ, ಕುಡಿತಕ್ಕೆ ಬಿದ್ದಿದ್ದ ನನ್ನ ಅಣ್ಣನ ಬಾಯಿ ಕಟ್ಟಿದ್ದವು. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿನ ಅವನ ಕೆಲಸ ಹೋಗುವುದರಲ್ಲಿತ್ತು. ಆಗ ಅವನನ್ನು ಆ ಸಭೆಗೆ ಕರೆದೊಯ್ದೆ. ಸುತ್ತಲೂ ಮರಾಠಿ. ಅವನು ಕನ್ನಡದಲ್ಲಿ ಎರಡು ಮಾತಾಡಿ ತಡವರಿಸಿದ. ಅನುವಾದಿಸಲು ನಾನು ಎದ್ದೆ.

“ತಂಗೀ, ನೀ ಕೂಡು. ನಿಮ್ಮಣ್ಣಗ ವಕೀಲರು ಬ್ಯಾಡ,” ಎಂದ ಆಕೆ, ಅವನತ್ತ ತಿರುಗಿದರು. “ಕನ್ನಡದಾಗಽ ಹೇಳ್ರಿ. ಮೊದಲ ನಿಮ್ಮ ಕಿವಿಗೆ ಕೇಳ್ಲಿ.”

ಅಣ್ಣ ಎಲ್ಲವನ್ನೂ ಹೇಳಿದ. ಕನ್ನಡದ ಒಂದು ಪದವೂ ತಿಳಿಯದ, ಸಾವನೇರ್‌ನ ಗಣಿ ಕಾರ್ಮಿಕರೊಬ್ಬರು ಕಣ್ಣೊರೆಸಿಕೊಂಡು, “ಬರೋಬರ್ ಬೋಲ್ಲಾಸ್, ಭಾವೂ”, ಸರಿಯಾಗಿ ಹೇಳಿದೆ ತಮ್ಮಾ, ಎಂದು ತಲೆದೂಗಿದರು. ಅಣ್ಣ ನಕ್ಕುಬಿಟ್ಟ. ಆ ನಗೆಯನ್ನು ನಾನು ಮರೆತೇಬಿಟ್ಟಿದ್ದೆ.

ಹೊರಡುವಾಗ ಅವನು ಆಕೆಗೆ ಹೇಳಿದ: “ಮುಂದಿನ ವಾರ ನಾ ಒಬ್ಬನಽ ಬರ್ತೀನ್ರಿ.”

ಆಕೆ ನನ್ನ ಬೆನ್ನು ತಟ್ಟಿದರು. “ಕೇಳಿದೇನವಾ? ನಿನಗ ಸೂಟಿ!”