ನುಂಗಿದ ಎಲೆ-ಅಡಿಕೆ

ಝಳಕಿ ಹತ್ತಿರದ ಊರಿನ ಧೂಳಪ್ಪ ಈಗ ನಾಲ್ಕು ಆಡಿನ ಧಣಿ. ಹುಡುಗನಿದ್ದಾಗಿನಿಂದ ಸಾವಕಾರರ ವಾಡೆಯಲ್ಲಿ ಜೀತ ಮಾಡಿದವನು. ಯುಗಾದಿ ಬಂತೆಂದರೆ ಸಾವಕಾರರು ಕೈಗೆ ಎಲೆ-ಅಡಿಕೆ ಕೊಡುತ್ತಿದ್ದರು. ತಗೊಂಡು ಬಾಯಿಗೆ ಹಾಕಿದರೆ ಮುಂದಿನ ಯುಗಾದಿಯ ತನಕ ಮೈ ಅವರದು. ಸರಕಾರ ಜೀತ ತೆಗೆದು ಕಾಯ್ದೆ ಮಾಡಿದ್ದು ಧೂಳಪ್ಪನ ಕಿವಿಗೂ ಬಿದ್ದಿತ್ತು, ಆದರೆ ಎಲೆ ಬರುವುದು ನಿಲ್ಲಲಿಲ್ಲ. ಬಿಡಿಸಿದ್ದು ಕಾಯ್ದೆಯಲ್ಲ, ಸಾವು. ಒಂದು ಯುಗಾದಿ ಅಮಾವಾಸ್ಯೆಗೆ ಸಾವಕಾರರು ತೀರಿಕೊಂಡರು. ಮಗ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ, ಎಲೆ ಕೊಡುವ ಕೈ ಇಲ್ಲದಾಯಿತು. ಮರುದಿನ ಹೊತ್ತೇರಿದರೂ ಮಲಗಿಯೇ ಇದ್ದ ಗಂಡನನ್ನು ನೋಡಿ ಶೆಟ್ಟೆವ್ವ ಖುಷಿಗೆ ಅತ್ತಳಂತೆ. ಅಲ್ಲಿಂದ ಅವನ ಬೆಳಗು ಅವನದೇ ಆಯಿತು.

ಆ ಕಾಯ್ದೆಗೆ ಐವತ್ತು ತುಂಬಿತೆಂದು ಇಂಡಿ ಪಟ್ಟಣದ ಸಂಘವೊಂದು ಈ ವರ್ಷ ನೆನಪಿನ ಅಂಚೆಚೀಟಿ ಮಾಡಿಸಿತು. ಬಿಡುಗಡೆಯ ದಿನ ತೋರಿಸಲಿಕ್ಕೆ ಒಬ್ಬ ಖರೇ ಜೀತದವನು ಬೇಕಲ್ಲ, ಜೀಪು ಕಳಿಸಿ ಧೂಳಪ್ಪನನ್ನು ಕರೆಸಿದರು. ಚೀಟಿಯ ಮೇಲೆ ಎರಡು ಕೈ, ನಡುವೆ ತುಂಡಾದ ಸರಪಳಿ.

"ನಮಗ ಸರಪಳಿ ಎಲ್ಲಿತ್ರಿ?" ಎಂದ ಧೂಳಪ್ಪ. ಮೈಕು ದೂರವಿತ್ತು, ಯಾರಿಗೂ ಕೇಳಿಸಲಿಲ್ಲ.

ಸನ್ಮಾನ ಮಾಡಲು ಎದ್ದವನು ಅಮಿತ, ಸತ್ತ ಸಾವಕಾರರ ಮೊಮ್ಮಗ. ಶಾಲು ಹೊದಿಸಿದ, ಚೀಟಿ ಕೊಟ್ಟ, ತಾಟಿನಿಂದ ಎಲೆ-ಅಡಿಕೆ ಎತ್ತಿ ಕೈಗಿಟ್ಟ. ಸನ್ಮಾನವೆಂದರೆ ಯಾರಿಗಾದರೂ ಕೊಡುವಂಥದ್ದೇ. ಪಾಪ, ಆ ಹುಡುಗನಿಗೇನು ಗೊತ್ತು? ಧೂಳಪ್ಪನ ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಬೊಗಸೆಯೊಡ್ಡಿ ತಗೊಂಡ, ಹಣೆಗೆ ಒತ್ತಿಕೊಂಡ, ಬಾಯಿಗೆ ಹಾಕಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಮರುದಿನ ನಸುಕಿಗೇ ಕಂಬಳಿ ಹೊದ್ದು ಹೊರಟ.

"ಎಲ್ಲಿಗಿ?" ಎಂದಳು ಶೆಟ್ಟೆವ್ವ.

"ವಾಡೇಕ. ಎಲಿ ತಗೊಂಡೇನಲ್ಲ."

"ಹುಚ್ಚ ಹಿಡದೈತೇನು? ಹೊಳ್ಳಿ ಕೊಟ್ಟ ಬಾ."

"ನುಂಗಿದ್ದು ಹೆಂಗ ಕೊಡ್ಲಿ?"

ದಾರಿಯಲ್ಲಿ ಕಂಡವರು, ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಎಂದು ನಕ್ಕರು. ಹುಟ್ಟುಗುಣ ಎಲ್ಲಿಂದ ಬಂತು? ಹೊಡೆದು ಕಲಿಸಿದ ಗುಣ ಅದು.

ಶೆಟ್ಟೆವ್ವ ಬಿಡುವವಳಲ್ಲ. ಶಾಲು, ಚೀಟಿ ಎರಡನ್ನೂ ಉಡಿಯಲ್ಲಿ ಕಟ್ಟಿಕೊಂಡು ಹಿಂದೆಯೇ ಹೋದಳು. ವಾಡೆಯ ಕಟ್ಟೆಯ ಮೇಲೆ ಇಂದ್ರಾಬಾಯಿ ಕೂತಿದ್ದಳು, ಸತ್ತ ಸಾವಕಾರರ ಹೆಂಡತಿ.

"ಇವನ್ನ ತಗೋರಿ ಅವ್ವಾರ, ನನ್ನ ಗಂಡನ್ನ ಕಳಿಸ್ರಿ."

ಮುದುಕಿ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಹೊಟ್ಟೆ ಉರಿಯುವುದು ಇದಕ್ಕೇ: ಆ ಎಲೆಯ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋಗೋ ಎಂದು ಒಂದು ಮಾತು ಅಂದಿದ್ದರೆ ಅವನು ಹೋಗುತ್ತಿದ್ದ.

"ನಾ ಏನ್ ಹಿಡದ ಕಟ್ಟೇನೇನ? ತಾನ ಬಂದಾನ," ಎಂದು ಚೀಟಿಯನ್ನು ಹೊಳ್ಳಿ ಕೊಟ್ಟಳು. ಆಮೇಲೆ ದನದ ಕೊಟ್ಟಿಗೆಯತ್ತ ತಿರುಗಿದಳು. "ಧೂಳ್ಯಾ, ಸೆಗಣಿ ಬುಟ್ಟಿ ಮೂಲ್ಯಾಗ ಐತಿ ನೋಡೋ."

"ಹೂಂನ್ರಿ ಅವ್ವಾರ."

ಮದುವೆಯಾದ ಹೊಸತರಲ್ಲಿ ಕೇಳಿದ್ದ ದನಿ ಅದು. ಇಷ್ಟು ವರ್ಷ ಕೇಳಿಸಿರಲಿಲ್ಲ. ಶೆಟ್ಟೆವ್ವ ಮನೆಗೆ ಬಂದು, ಬೆಳಗಿನಿಂದ ಕಟ್ಟಿಯೇ ಇದ್ದ ಆಡುಗಳನ್ನು ತಾನೇ ಬಿಚ್ಚಿದಳು.